ಟೀವಿಯ ಬೆನ್ನ ಹಿಂದೆ

ನಾನು ಸಿವಿಲ್ ಇಂಜಿನಿಯರ್. ಮೂವತ್ತು ವರ್ಷ ಮೋರಿ, ಸೇತುವೆ, ಚರಂಡಿ ಅಂತ ಓಡಾಡಿ ನಿವೃತ್ತನಾದವನು. ಆದರೆ ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಇಂಜಿನಿಯರ್ ಅಂದರೆ ಇಂಜಿನಿಯರ್, ಅಷ್ಟೇ. ಮಿಕ್ಸಿ ನಿಂತರೂ ನನ್ನನ್ನೇ ಕರೀತಾರೆ, ಪಂಪ್‌ಸೆಟ್ ಕೂಗಿದರೂ ನನ್ನನ್ನೇ. ಬರಲ್ಲ ಅಂದರೆ ಅಮ್ಮನ ಮಾತು ಸಿದ್ಧ: "ಮತ್ತೆ ಇಷ್ಟು ಓದಿಸಿದ್ದು ಎಂತಕ್ಕೆ ಮಾರಾಯ?"

ಅಣ್ಣನ ಮಗ ಮೆಲ್ಬರ್ನಿನಲ್ಲಿದ್ದಾನೆ. ಅವನಿಗೆ ಗಂಡು ಮಗುವಾಯಿತು, ನಾಮಕರಣವೂ ಅಲ್ಲೇ ಆಯಿತು. ಸ್ನೇಹಿತನೊಬ್ಬ ಐಫೋನಿನಲ್ಲಿ ಇಡೀ ಕಾರ್ಯಕ್ರಮವನ್ನು ಹಿಡಿದು ಕಳಿಸಿದ. 22 ನಿಮಿಷ. ನಾನು ಬೆಂಗಳೂರಿನ ಮನೆಯ ವೈಫೈಯಲ್ಲಿ ಅದನ್ನು ಫೋನಿಗೆ ಇಳಿಸಿಕೊಂಡು ಊರಿಗೆ ಹೋದೆ. ಊರಲ್ಲಿ ನೆಟ್‌ವರ್ಕ್ ಸಿಗೋದು ಅಡಿಕೆ ಅಂಗಳದ ಈಶಾನ್ಯ ಮೂಲೆಯಲ್ಲಿ ಮಾತ್ರ. ಅಲ್ಲೂ ಬಲಗಾಲು ಸ್ವಲ್ಪ ಎತ್ತಿ ನಿಲ್ಲಬೇಕು.

ಅಮ್ಮನಿಗೆ 84. ಎರಡು ಕನ್ನಡಕ ಇವೆ, ಟೀವಿಗೊಂದು, ಪಂಚಾಂಗಕ್ಕೊಂದು. ಟೀವಿ ಮುಂದೆ ಕೂತಿದ್ದವಳ ಕೈಗೆ ಫೋನ್ ಕೊಟ್ಟೆ. ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಇದರಲ್ಲಿ ಮಗು ಯಾವುದು, ದಿಂಬು ಯಾವುದು?"

"ಟೀವಿಯಲ್ಲೇ ದೊಡ್ಡದಾಗಿ ತೋರಿಸ್ತೀನಿ ಬಿಡು" ಅಂದುಬಿಟ್ಟೆ. ಹೇಳುವಾಗ ಧೈರ್ಯ ಇತ್ತು. ಚೀಲದಲ್ಲಿ ಕೇಬಲ್ ಇತ್ತಲ್ಲ. ಒಂದು ತುದಿ ಟೈಪ್ ಸಿ, ಇನ್ನೊಂದು ತುದಿ ಎಚ್‌ಡಿಎಂಐ, ಬೆಲೆ 699 ರೂಪಾಯಿ. ಪೊಟ್ಟಣದ ಮೇಲೆ ಫೋನಿನಿಂದ ಟೀವಿಗೆ ಒಂದು ದೊಡ್ಡ ಬಾಣ. ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಇನ್ನೂ ಏನೋ ಬರೆದಿತ್ತು. ಸಾಸಿವೆ ಕಾಳನ್ನು ಯಾರು ಓದ್ತಾರೆ?

ಸಮಯ ಸಂಜೆ ಏಳು. ಇದನ್ನು ಯಾಕೆ ಹೇಳಬೇಕು ಅಂದರೆ, ಅದು ಅಡಿಕೆ ಕೊಯ್ಲಿನ ಕಾಲ. ನಮ್ಮ ಜಗಲಿಯಲ್ಲಿ ಆರು ಜನ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಕೂಲಿ ಡಬ್ಬದ ಲೆಕ್ಕ. ಜೊತೆಗೆ ಎರಡು ಸಲ ಚಾ, ಏಳೂವರೆಗೆ ಧಾರಾವಾಹಿ. ಒಳಗಿನ ಟೀವಿ ಜಗಲಿಗೆ ಕಾಣುವ ಹಾಗೆ ಬಾಗಿಲು ತೆಗೆದಿಟ್ಟಿರುತ್ತಾರೆ. ಕಾಗದದಲ್ಲಿ ಬರೆದಿಲ್ಲ ಅನ್ನೋದು ಬಿಟ್ಟರೆ, ಇದು ಪಕ್ಕಾ ಒಪ್ಪಂದ.

ಟೀವಿ 32 ಇಂಚಿನದು. ಅದನ್ನು ಗೋಡೆಗೆ ಹೊಡೆದ ಹುಡುಗ ಬಹಳ ಅಚ್ಚುಕಟ್ಟಿನವನು. ಗೋಡೆಗೂ ಟೀವಿಗೂ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದಾನೆ. ಎಲ್ಲ ತೂತುಗಳೂ ಇರೋದು ಆ ಎರಡು ಬೆರಳಿನ ಹಿಂದೆ. ಇಣುಕಿದರೆ ಕತ್ತಲು. ಕೊನೆಗೆ ಫೋನಿನ ಲೈಟ್ ಹಾಕಿ, ವಿಡಿಯೋ ಚಾಲೂ ಮಾಡಿ, ಟೀವಿಯ ಬೆನ್ನ ಹಿಂದೆ ತೂರಿಸಿ ಆ ತುದಿಯಿಂದ ಈ ತುದಿಗೆ ಎಳೆದೆ.

"ಟೀವಿಗೆ ಎಕ್ಸ್‌ರೇ ತೆಗೀತಿದಾರೆ" ಅಂತ ಜಗಲಿಯಿಂದ ಯಾರೋ ಪಿಸುಗುಟ್ಟಿದರು.

ಎಕ್ಸ್‌ರೇ ವರದಿ ಹೀಗಿತ್ತು: ಎರಡು ಎಚ್‌ಡಿಎಂಐ ತೂತು, ಒಂದು ಯುಎಸ್‌ಬಿ, ಕೆಂಪು ಬಿಳಿ ಹಳದಿ ಮೂರು ಗುಂಡಿ, ಒಂದು ಹಲ್ಲಿ. ಮೊದಲನೇ ಎಚ್‌ಡಿಎಂಐಯಲ್ಲಿ ಸೆಟ್‌ಟಾಪ್ ಬಾಕ್ಸಿನ ವೈರ್ ಇತ್ತು. ಎರಡನೆಯದರ ಪಕ್ಕದಲ್ಲಿ ಹಲ್ಲಿ ಇತ್ತು. ಹಲ್ಲಿ ಸಂಸಾರಸ್ಥ ಪ್ರಾಣಿ, ಸುಮ್ನೆ ಯಾಕೆ ತೊಂದರೆ ಅಂತ ಸೆಟ್‌ಟಾಪ್ ಬಾಕ್ಸಿನ ವೈರನ್ನೇ ಕಿತ್ತೆ. ಆ ದಿನದ ದೊಡ್ಡ ತಪ್ಪು ಅದೇ.

ನನ್ನ ಕೇಬಲ್ ಸಿಕ್ಕಿಸಿದೆ. ಕಟಕ್ ಅಂತ ಕೂತಿತು. ಫೋನಿನ ಕಡೆಯೂ ಕಟಕ್. ಎರಡೂ ಕಡೆ ಕಟಕ್ ಅಂದಮೇಲೆ ಮನುಷ್ಯನಿಗೆ ಒಂದು ನಂಬಿಕೆ ಬರುತ್ತೆ, ಅಲ್ವಾ? ಎದ್ದು ನಿಂತು, ಸೊಂಟಕ್ಕೆ ಕೈ ಕೊಟ್ಟು, ಟೀವಿ ನೋಡಿದೆ. ಕಪ್ಪು ಪರದೆಯ ಮೇಲೆ 'ನೋ ಸಿಗ್ನಲ್' ಅನ್ನೋ ಚೌಕ ನಿಧಾನಕ್ಕೆ ತೇಲಿಕೊಂಡು ಎಡದ ಅಂಚಿಗೆ ಹೋಗಿ, ಬಡಿದು, ವಾಪಸ್ ಬಂತು.

"ಬಂತಲ್ಲ!" ಅಂದಳು ಅಮ್ಮ. "ಎಂತದೋ ಓಡಾಡ್ತಾ ಇದೆ. ಮಗುವಾ?"

ಪ್ಲಾನ್ ಬಿ ಇತ್ತು. ಚಾರ್ಜರಿನ ವೈರನ್ನು ಟೀವಿಯ ಯುಎಸ್‌ಬಿಗೆ ಸಿಕ್ಕಿಸಿದೆ. ಫೋನ್ ಚಾರ್ಜ್ ಆಗತೊಡಗಿತು. ಬೇರೇನೂ ಆಗಲಿಲ್ಲ. ನಮ್ಮ ಟೀವಿಯ ಆ ತೂತಿಗೆ ಗೊತ್ತಿರೋದು ಪೆನ್‌ಡ್ರೈವ್ ಒಂದೇ. ಫೋನ್ ಬಂದು ಬಾಗಿಲು ತಟ್ಟಿದರೆ ಕರೆಂಟ್ ಕೊಟ್ಟು ಸುಮ್ಮನಾಗುತ್ತೆ, ಒಳಗೆ ಕರೆಯಲ್ಲ.

ಪೆನ್‌ಡ್ರೈವ್ ಅಂದಾಗ ನೆನಪಾಯಿತು, ಫೋನಿಗೇ ಹಾಕಬಹುದಾದ ಪೆನ್‌ಡ್ರೈವ್ ಒಂದು ನನ್ನ ಹತ್ತಿರ ಇತ್ತು. ಅದಕ್ಕೆ ವಿಡಿಯೋ ತುಂಬಿಸಿ ಟೀವಿಗೆ ಹಾಕಿದೆ. ಈ ಸಲ ಸದ್ದು ಬಂತು! ಪುರೋಹಿತರ ಮಂತ್ರ, ಮಗುವಿನ ಅಳು, ಯಾರದೋ ನಗು. ಚಿತ್ರ ಮಾತ್ರ ಇಲ್ಲ. ಐಫೋನುಗಳು 2017ರಿಂದ ಈಚೆಗೆ ಎಚ್‌ಇವಿಸಿ ಅನ್ನೋ ರೀತಿಯಲ್ಲಿ ವಿಡಿಯೋವನ್ನು ಮಡಚಿಡುತ್ತವೆ, ಜಾಗ ಉಳೀಲಿ ಅಂತ. ಹಳೆಯ ಟೀವಿಗಳಿಗೆ ಆ ಮಡಿಕೆ ಬಿಚ್ಚೋಕೆ ಬರಲ್ಲ.

"ಮೊದಲು ಫೋನಾಗಿತ್ತು, ಈಗ ರೇಡಿಯೋ ಮಾಡಿದೆ" ಅಂದಳು ಅಮ್ಮ. ಬೈದದ್ದಲ್ಲ, ಇದ್ದದ್ದನ್ನು ಹೇಳಿದ್ದು.

ಅಷ್ಟರಲ್ಲಿ ಜಗಲಿಯಿಂದ ಮೆಟ್ಟುಗತ್ತಿಗಳ ಸದ್ದು ನಿಂತಿತು. ಆ ಸದ್ದು ನಿಲ್ಲೋದು ಒಳ್ಳೇ ಲಕ್ಷಣ ಅಲ್ಲ. "ಅಯ್ಯಾ, ಏಳೂವರೆ ಆಯ್ತು" ಅಂದರು ಒಬ್ಬರು. ವಿನಯವಾಗಿಯೇ ಅಂದರು. ಕತ್ತಿ ಕಾಲ ಕೆಳಗೇ ಇತ್ತು.

ಗಡಿಬಿಡಿಯಲ್ಲಿ ಸೆಟ್‌ಟಾಪ್ ಬಾಕ್ಸಿನ ವೈರನ್ನು ಕೈಗೆ ಸಿಕ್ಕ ತೂತಿಗೆ ತುರುಕಿದೆ. ಹಲ್ಲಿ ಓಡಿತು. ಅಂದರೆ ನಾನು ಹಾಕಿದ್ದು ಎರಡನೇ ತೂತಿಗೆ. ಟೀವಿ ಮಾತ್ರ ಮೊದಲನೆಯದನ್ನೇ ಕಾಯುತ್ತಾ ಚೌಕವನ್ನು ಓಡಿಸುತ್ತಿತ್ತು. ಅದನ್ನು ಬದಲಿಸೋಕೆ 'ಸೋರ್ಸ್' ಗುಂಡಿ ಬೇಕು. ಆ ಗುಂಡಿ ಇರೋದು ಟೀವಿಯ ರಿಮೋಟಿನಲ್ಲಿ. ಆ ರಿಮೋಟ್ ಐದು ವರ್ಷದಿಂದ ಪ್ಲಾಸ್ಟಿಕ್ ಕವರ್ ಸಮೇತ ಬೀರುವಿನಲ್ಲಿ, ಸೀರೆಗಳ ಕೆಳಗೆ, ಮನೆಪತ್ರದ ಜೊತೆಗೆ ಭದ್ರವಾಗಿದೆ. ಶೆಲ್ ಇಲ್ಲ. ಅದರ ಶೆಲ್ ಸೆಟ್‌ಟಾಪ್ ಬಾಕ್ಸಿನ ರಿಮೋಟಿಗೆ ಹೋಗಿ ಎಷ್ಟೋ ಕಾಲವಾಗಿದೆ. ಆ ಶೆಲ್ ಕಿತ್ತು ಇದಕ್ಕೆ ಹಾಕಿ, ಸೋರ್ಸ್ ಒತ್ತಿ, ವಾಪಸ್ ಅದಕ್ಕೆ ಹಾಕಿ, ಚಾನೆಲ್ ಹಚ್ಚುವ ಹೊತ್ತಿಗೆ ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು. ಮುಂದಿನ ಸಂಚಿಕೆಯ ತುಣುಕೂ ಮುಗಿದಿತ್ತು. ಹಿಂದಿನ ದಿನವಷ್ಟೇ ಸೊಸೆಯ ಗುಟ್ಟು ಅತ್ತೆಗೆ ಗೊತ್ತಾಗೋದರಲ್ಲಿತ್ತಂತೆ. ಗೊತ್ತಾಯಿತೋ ಇಲ್ಲವೋ, ಆ ಆರು ಜನಕ್ಕೂ ಗೊತ್ತಾಗಲಿಲ್ಲ. ಆ ರಾತ್ರಿ ನನ್ನ ಚಾದಲ್ಲಿ ಸಕ್ಕರೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಈಶಾನ್ಯ ಮೂಲೆಯಲ್ಲಿ ಬಲಗಾಲು ಎತ್ತಿ ನಿಂತು ಮಗಳಿಗೆ ಫೋನ್ ಮಾಡಿದೆ. ಅವಳು ಸಾಫ್ಟ್‌ವೇರ್.

"ಅಪ್ಪಾ, ನಿಮ್ಮ ಫೋನಲ್ಲಿ ಆಲ್ಟ್ ಮೋಡ್ ಇಲ್ಲ."

"ಕೇಬಲ್ ಸರಿಯಾಗಿ ಕೂತಿತಲ್ಲೇ!"

"ಕೂರುತ್ತೆ. ಕೂತರೆ ಆಗಲಿಲ್ಲ."

ಅವಳು ವಿವರಿಸಿದ್ದು ಹೀಗೆ. ಟೈಪ್ ಸಿ ಅನ್ನೋದು 2014ರಲ್ಲಿ ಬಂದ ಒಂದು ಆಕಾರ, ಅಷ್ಟೇ. ಆ ಪುಟ್ಟ ಬಾಯಿಯೊಳಗೆ 24 ಪಿನ್‌ಗಳಿಗೆ ಜಾಗ ಇದೆ. ಅದರ ಹಿಂದೆ ಏನೇನು ಜೋಡಿಸಬೇಕು ಅನ್ನೋದು ಫೋನ್ ಮಾಡೋರ ಇಷ್ಟ, ನಾವು ಕೊಡೋ ದುಡ್ಡಿನ ಕಷ್ಟ. ಟೀವಿಗೆ ಚಿತ್ರ ಕಳಿಸೋಕೆ ಡಿಸ್‌ಪ್ಲೇ ಪೋರ್ಟ್ ಆಲ್ಟ್ ಮೋಡ್ ಅಂತ ಒಂದು ಏರ್ಪಾಡು ಬೇಕು, ಅದಕ್ಕೆ ಬೇರೆ ತಂತಿಗಳು ಬೇಕು. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಇರೋದು ಚಾರ್ಜಿಂಗ್ ಮತ್ತು ಯುಎಸ್‌ಬಿ 2.0 ಮಾತ್ರ. ಆ 2.0 ಬಂದದ್ದು 2000ನೇ ಇಸವಿಯಲ್ಲಿ. ಬಾಯಿ ಹೊಸದು, ಗಂಟಲು ಹಳೆಯದು.

"ಎಷ್ಟು ಹರಿಯುತ್ತೆ ಆ ಗಂಟಲಲ್ಲಿ?" ಅಂತ ಕೇಳಿದೆ. ವೃತ್ತಿಯ ಚಾಳಿ.

"ಸೆಕೆಂಡಿಗೆ ಹೆಚ್ಚೆಂದರೆ 480 ಮೆಗಾಬಿಟ್. ಫುಲ್ ಎಚ್‌ಡಿ ಚಿತ್ರವನ್ನ ಸೆಕೆಂಡಿಗೆ 60 ಸಲ ಹಾಗೇ ಕಳಿಸಬೇಕು ಅಂದರೆ ಸುಮಾರು 3,000 ಬೇಕು."

ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ಆರು ಪೈಪಿನ ಮೋರಿ ಬೇಕಾದಲ್ಲಿ ಒಂದೇ ಪೈಪು ಹೂತಿದ್ದಾರೆ. ಮಳೆಗಾಲದಲ್ಲಿ ರಸ್ತೆ ಕೊಚ್ಚಿಕೊಂಡು ಹೋಗದೆ ಇನ್ನೇನಾಗುತ್ತೆ? ಯಾರಾದರೂ ಪೊಟ್ಟಣದ ಮೇಲೆ ಹೀಗೆ ಬರೆದಿದ್ದರೆ ನಾನು 699 ರೂಪಾಯಿ ಕೊಡ್ತಾನೇ ಇರಲಿಲ್ಲ. ಆಮೇಲೆ ಕನ್ನಡಕ ಹಾಕಿ ಪೊಟ್ಟಣದ ಸಾಸಿವೆ ಕಾಳು ಓದಿದೆ. ಬರೆದಿದ್ದರು.

ಇದು ನನಗೆ ಎರಡನೇ ಪಾಠ ಅನ್ನೋದು ಬೇಜಾರು. ಹತ್ತು ಹನ್ನೆರಡು ವರ್ಷದ ಹಿಂದೆ, ಮೈಕ್ರೋ ಯುಎಸ್‌ಬಿ ಕಾಲದಲ್ಲಿ, ಫೋನಿನ ಚಿತ್ರವನ್ನು ಟೀವಿಗೆ ಕಳಿಸೋಕೆ ಎಂಎಚ್‌ಎಲ್ ಅಂತ ಒಂದು ಏರ್ಪಾಡಿತ್ತು. ಅದರಲ್ಲೂ 5 ಪಿನ್ನಿನದು, 11 ಪಿನ್ನಿನದು ಅಂತ ಎರಡು ಜಾತಿ. 2012ರ ಗ್ಯಾಲಕ್ಸಿ ಎಸ್3ಗೆ 11 ಪಿನ್ ಬೇಕು. ನಾನು ತಂದದ್ದು 5 ಪಿನ್ನಿನದು. ಆ ಕೇಬಲ್ ಈಗಲೂ ಬೆಂಗಳೂರಿನ ಮನೆಯ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿದೆ. ಎಲ್ಲರ ಮನೆಯಲ್ಲೂ ಇರುತ್ತಲ್ಲ ಅಂಥದೊಂದು ಡಬ್ಬಿ? ಒಳಗಿನ ವೈರುಗಳು ಯಾವುದಕ್ಕೆ ಅಂತ ಯಾರಿಗೂ ಗೊತ್ತಿಲ್ಲ, ಬಿಸಾಡುವ ಧೈರ್ಯವೂ ಇಲ್ಲ. ಹೆಂಡತಿ ಅದಕ್ಕೆ 'ನಾಗರಬನ' ಅಂತ ಹೆಸರಿಟ್ಟಿದ್ದಾಳೆ.

"ಮತ್ತೆ ಈಗ ಏನು ಮಾಡಲೇ?" ಅಂತ ಮಗಳನ್ನು ಕೇಳಿದೆ. "ಹಳೇದಾದರೂ ಪರವಾಗಿಲ್ಲ, ದುಬಾರಿ ಫೋನ್ ಯಾರ ಹತ್ತಿರ ಇದೆ ನೋಡಿ" ಅಂದಳು. ಅಷ್ಟರಲ್ಲಿ ಕಾಲು ಸೋತು ಕೆಳಗಿಟ್ಟೆ. ಲೈನ್ ಕಟ್ಟಾಯಿತು.

ಪಕ್ಕದ ಮನೆಯ ಹುಡುಗನ ಹತ್ತಿರ ಸೆಕೆಂಡ್ ಹ್ಯಾಂಡ್ ಗ್ಯಾಲಕ್ಸಿ ಎಸ್10 ಇತ್ತು. ಗಾಜು ಜೇಡರ ಬಲೆಯಾಗಿದೆ, ಆದರೆ 2019ರಲ್ಲಿ ಅದು ದೊಡ್ಡವರ ಫೋನ್. ಅವನನ್ನು ಸಂಜೆ ಆರಕ್ಕೇ ಕರೆಸಿದೆ. ಧಾರಾವಾಹಿಗೆ ಒಂದೂವರೆ ಗಂಟೆ ಮೊದಲು. ಕ್ವಿಕ್ ಶೇರ್‌ನಲ್ಲಿ ವಿಡಿಯೋ ನನ್ನ ಫೋನಿನಿಂದ ಅವನದಕ್ಕೆ ಹೋಯಿತು, ಅದಕ್ಕೆ ಇಂಟರ್ನೆಟ್ ಬೇಡ. ಕೇಬಲ್ಲನ್ನು ಟೀವಿಯ ಮೊದಲನೇ ತೂತಿಗೆ ಹಾಕಿ, ಶೆಲ್ ಬದಲಿಸಿ, ಸೋರ್ಸ್ ಒತ್ತಿ, ಇನ್ನೊಂದು ತುದಿಯನ್ನು ಫೋನಿಗೆ ಸಿಕ್ಕಿಸಿದೆ.

ಕಟಕ್.

ಟೀವಿ ಒಂದು ಸಲ ಕಣ್ಣು ಮಿಟುಕಿಸಿತು. ಹುಡುಗನ ಫೋನಿನ ಪರದೆ ಇದ್ದದ್ದು ಇದ್ದ ಹಾಗೆ ಟೀವಿಯಲ್ಲಿ ಬಂತು. ಅವನು ವಾಲ್‌ಪೇಪರ್ ಮಾಡಿಕೊಂಡಿದ್ದ ಸಿನಿಮಾ ನಟಿಯೂ ಬಂದಳು. ಹುಡುಗ ಕೆಂಪಗಾದ, ಜಗಲಿ ನಕ್ಕಿತು. "ಅಯ್ಯ ಗೆದ್ದರು" ಅಂದರು ಯಾರೋ. ಹೆಂಗಸರೆಲ್ಲ ಕತ್ತಿ ಬಿಟ್ಟು ಒಳಗೆ ಬಂದು ಕೂತರು. ಅಮ್ಮ ಸೆರಗು ಸರಿ ಮಾಡಿಕೊಂಡಳು. ಮರಿಮಗನಿಗೆ ತಾನೂ ಕಾಣ್ತೀನೇನೋ ಅನ್ನೋ ಹಾಗೆ. ನಾನು ವಿಡಿಯೋ ಒತ್ತಿದೆ.

ಮೆಲ್ಬರ್ನಿನ ಆ ಪುಣ್ಯಾತ್ಮ ಇಡೀ ನಾಮಕರಣವನ್ನು ಫೋನನ್ನು ಉದ್ದಕ್ಕೆ ಹಿಡಿದು ತೆಗೆದಿದ್ದ.

32 ಇಂಚಿನ ಟೀವಿಯ ನಟ್ಟನಡುವೆ ಒಂದು ಗೇಣಗಲದ ಪಟ್ಟಿ. ಎಡಕ್ಕೆ ಕಪ್ಪು, ಬಲಕ್ಕೆ ಕಪ್ಪು. ಆ ಪಟ್ಟಿಯ ಮೇಲಿನ ಅರ್ಧ ಪುರೋಹಿತರ ಬೆನ್ನು. ಕೆಳಗಿನ ಅರ್ಧದಲ್ಲಿ ತೊಟ್ಟಿಲು. ತೊಟ್ಟಿಲಲ್ಲಿ ಮಗುವೋ ದಿಂಬೋ ಏನೋ ಒಂದು.

"ಫೋನ್ ತಿರುಗಿಸಿ ಅಯ್ಯಾ" ಅಂದರು. ತಿರುಗಿಸಿದೆ. ಪಟ್ಟಿ ಇನ್ನೂ ಸಣ್ಣದಾಯಿತೇ ಹೊರತು ದೊಡ್ಡದಾಗಲಿಲ್ಲ.

"ಹಾಗಾದರೆ ಟೀವೀನೇ ಎಬ್ಬಿಸಿ ನಿಲ್ಲಿಸಿಬಿಡಿ."

ನಗಬೇಡಿ. ಎಷ್ಟು ಮೊಳೆ ಬಿಚ್ಚಬೇಕು ಅಂತ ನಾನು ನಿಜವಾಗಿಯೂ ಲೆಕ್ಕ ಹಾಕಿದೆ.

ಲೆಕ್ಕ ಮುಗಿಯೋದರೊಳಗೆ ಅಮ್ಮ ಎದ್ದು ದೇವರ ಕೋಣೆಗೆ ಹೋದಳು. ಸಿಟ್ಟು ಬಂತು ಅಂದುಕೊಂಡೆ. ಪಂಚಾಂಗದ ಕನ್ನಡಕ ಹಾಕಿಕೊಂಡು ವಾಪಸ್ ಬಂದಳು. ಟೀವಿಯ ಕೆಳಗೆ ಕುರ್ಚಿ ಎಳೆದುಕೊಂಡು, ನನ್ನ ಕೈಯಿಂದ ಫೋನನ್ನು ಬಾಲದ ಸಮೇತ ಕಿತ್ತುಕೊಂಡು, ಮೂಗಿನ ಹತ್ತಿರ ತಂದಳು.

"ಓ, ಇದಾ ಮಗು! ಮೂಗು ನಿಮ್ಮಪ್ಪಂದೇ ಇಟ್ಟ ಹಾಗಿದೆ, ನೋಡು."

ನೋಡೋಕೆ ಹೆಂಗಸರು ನುಗ್ಗಿದರು. ಯಾರದೋ ಮೊಣಕೈ ತಾಗಿ ಕೇಬಲ್ ಫೋನಿನಿಂದ ಕಳಚಿ ನೆಲಕ್ಕೆ ಬಿತ್ತು. ಟೀವಿಯಲ್ಲಿ ಚೌಕ ತೇಲತೊಡಗಿತು. ಯಾರೂ ತಲೆ ಎತ್ತಲಿಲ್ಲ. ಫೋನಿನ ಒಡೆದ ಗಾಜಿನ ಮೇಲೆ ಏಳು ತಲೆ ಬಾಗಿದ್ದವು. ಪಕ್ಕದ ಮನೆ ಹುಡುಗ ಎಂಟನೆಯವನಾಗಿ, ತನ್ನ ಫೋನ್ ವಾಪಸ್ ಯಾವಾಗ ಸಿಗುತ್ತೋ ಅಂತ ಇಣುಕುತ್ತಿದ್ದ.

ಗಡಿಯಾರ ನೋಡಿದೆ. ಏಳು ಹದಿನೈದು. ಟೀವಿ ರಿಮೋಟಿನ ಶೆಲ್ ಬಿಚ್ಚೋಕೆ ಕೂತೆ.