ಹಾಡಿನ ಅರ್ಥ ಕೇಳಿದವರಿಗೆ ಬಿಟ್ಟಿದ್ದಾ?

ಹಾಡು ಕೇಳಿ ನನಗೆ ತೋಚಿದ್ದೇ ಅದರ ಅರ್ಥ ಅನ್ನಬಹುದಾ? ಇಲ್ಲ, ಬರೆದವರು ಏನು ಹೇಳಹೊರಟಿದ್ದರು ಅಂತ ತಿಳಿದುಕೊಳ್ಳಲೇಬೇಕಾ? ಕೊಡಗಿನಲ್ಲಿ ಈ ಪ್ರಶ್ನೆಗೆ ತೂಕ ಸ್ವಲ್ಪ ಜಾಸ್ತಿ. ಮಡಿಕೇರಿಯಲ್ಲಿ ಬಸ್ ಹತ್ತಿದರೆ ಸಾಕು, ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತವೆ. ಎಷ್ಟೋ ಹಾಡುಗಳನ್ನು ನಾವು ಅರ್ಧಂಬರ್ಧ ತಿಳಿದೇ ಇಷ್ಟಪಟ್ಟಿರುತ್ತೇವೆ. ಕೆಳಗೆ ಎರಡೂ ಕಡೆಯಿಂದ ನಾನೇ ವಾದ ಮಾಡಿದ್ದೇನೆ. ಮನಸ್ಸು ಯಾವ ಕಡೆ ವಾಲಿದೆ ಅನ್ನುವುದನ್ನು ಮುಚ್ಚಿಡುವುದಕ್ಕೆ ಹೋಗಿಲ್ಲ.

ಪರ: ಕೇಳಿದವರಿಗೆ ತೋಚಿದ್ದೇ ಅರ್ಥ

ಕಾಫಿ ಕೊಯ್ಲಿನ ಸಮಯದಲ್ಲಿ ಯಾವುದಾದರೂ ತೋಟಕ್ಕೆ ಹೋಗಿ ನೋಡಿ. ಗಿಡದ ಕೊಂಬೆಗೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಫೋನ್ ನೇತಾಡುತ್ತಿರುತ್ತದೆ. ಹಾಡು ಅದರ ಪಾಡಿಗೆ ಅದು. ಹೋದ ಕೊಯ್ಲಿನಲ್ಲಿ ಅಸ್ಸಾಂನಿಂದ ಬಂದ ಹುಡುಗನೊಬ್ಬ ಕನ್ನಡ ಸಿನಿಮಾ ಹಾಡಿನ ಪಲ್ಲವಿಯನ್ನು ತಪ್ಪುತಪ್ಪಾಗಿ ಗುನುಗುತ್ತಾ ರೋಬಸ್ಟಾ ಹಣ್ಣು ಎಳೆಯುತ್ತಿದ್ದ. ಪಕ್ಕದ ಸಾಲಿನಲ್ಲಿದ್ದ ಅಕ್ಕ ‘ಅರ್ಥ ಗೊತ್ತೇನಪ್ಪಾ ಅದರದ್ದು?’ ಅಂತ ಕೇಳಿದರು. ‘ಊರಿಗೆ ಹೋಗೋ ಹಾಡು’ ಅಂದ. ಆ ಹಾಡಿನಲ್ಲಿ ಊರೂ ಇಲ್ಲ, ಹೋಗುವುದೂ ಇಲ್ಲ. ಅಕ್ಕ ನಕ್ಕರು. ಅಷ್ಟರಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಬಂದರು, ಮಾತು ಅಲ್ಲಿಗೆ ನಿಂತಿತು.

ಆ ಹುಡುಗ ತಪ್ಪು ಹೇಳಿದ ಅಂತ ನನಗೆ ಅನಿಸುವುದಿಲ್ಲ. ರಾಗ ಅವನಿಗೆ ಊರು ನೆನಪಿಸಿತು, ಮುಗಿಯಿತು. ಅವನನ್ನು ಕೂರಿಸಿ, ಇದು ನಾಯಕ ನಾಯಕಿಯ ಹಿಂದೆ ಸುತ್ತುವ ಹಾಡು, ಅಂತ ಪಾಠ ಮಾಡಿದರೆ ಯಾರಿಗೆ ಲಾಭ?

ಸಿನಿಮಾ ಹಾಡು ಹುಟ್ಟುವ ರೀತಿಯನ್ನೇ ನೋಡಿ. ಎಷ್ಟೋ ಸಲ ಟ್ಯೂನ್ ಮೊದಲು ಬರುತ್ತದೆ. ನಿರ್ದೇಶಕರು ಸನ್ನಿವೇಶ ಹೇಳುತ್ತಾರೆ. ಬರೆಯುವವರು ಅಳತೆಗೆ ತಕ್ಕಂತೆ ಪದ ಕೂರಿಸುತ್ತಾರೆ. ಆಮೇಲೆ ಸಿನಿಮಾ ಮರೆತುಹೋಗುತ್ತದೆ, ಹಾಡು ಉಳಿಯುತ್ತದೆ. ಸಿನಿಮಾ ನೋಡಬೇಕು ಅಂದರೆ ಬಸ್ ಹತ್ತಿ ಮಡಿಕೇರಿಗೋ ವಿರಾಜಪೇಟೆಗೋ ಹೋಗಬೇಕಿದ್ದ ಕಾಲದಲ್ಲಿ, ಬರೀ ರೇಡಿಯೋ ಕೇಳಿ ಹಾಡು ಬಾಯಿಪಾಠ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ. ಅವರಿಗೆ ಸನ್ನಿವೇಶ ಅಂದರೆ ಅವರ ಅಡುಗೆಮನೆ, ಅವರ ಗದ್ದೆ, ಅವರ ಮದುವೆ. ಅದನ್ನು ಅರ್ಥ ಅಲ್ಲ ಅನ್ನುವುದು ಹೇಗೆ?

ಇನ್ನೊಂದು ಮಾತು. ಕೊಡಗಿನ ಬಗ್ಗೆ ಕನ್ನಡದಲ್ಲಿ ಎಲ್ಲರಿಗೂ ಗೊತ್ತಿರುವ ಹಾಡು ಯಾವುದು? ಪಂಜೆ ಮಂಗೇಶರಾಯರ ‘ಹುತ್ತರಿ ಹಾಡು’. ಪಂಜೆಯವರು ಕೊಡಗಿನವರಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಮನೆ ಮಾತು ಕೊಂಕಣಿ. ಮಡಿಕೇರಿಗೆ ಬಂದಿದ್ದು ಹೈಸ್ಕೂಲ್ ಹೆಡ್‌ಮಾಸ್ಟರ್ ಆಗಿ. ಹೊರಗಿನಿಂದ ಬಂದವರೊಬ್ಬರು ಬೆರಗಾಗಿ ಬರೆದದ್ದನ್ನು ಇಲ್ಲಿನವರು ‘ನಮ್ಮ ಹಾಡು’ ಅಂತ ಎತ್ತಿಕೊಂಡರು. ಕೊಡವರ ಮನೆಯ ಮಗುವೂ ಅದನ್ನು ಹಾಡುತ್ತದೆ, ಅರೆಭಾಷೆ ಗೌಡರ ಮಗುವೂ ಹಾಡುತ್ತದೆ, ತೋಟದ ಕೆಲಸಗಾರರ ಲೈನ್ ಮನೆಯಿಂದ ಶಾಲೆಗೆ ಬರುವ ಎರವ ಬುಡಕಟ್ಟಿನ ಮಗುವೂ ಹಾಡುತ್ತದೆ. ಕೊಡವರ ಬೀಡು ಅಂತ ಹಾಡಿನಲ್ಲಿ ಇದ್ದರೂ, ಪ್ರತಿ ಮಗುವಿಗೂ ಅಲ್ಲಿ ಕಾಣುವುದು ತನ್ನ ಮನೆಯೇ. ಹಾಡು ಹಾಗೆ ಬಿಟ್ಟುಕೊಡದಿದ್ದರೆ ಇಷ್ಟು ಬಾಯಿಗಳಲ್ಲಿ ನಿಲ್ಲುತ್ತಿತ್ತಾ?

2018ರ ಆಗಸ್ಟ್‌ನ ಭೂಕುಸಿತ ಆದ ಮೇಲಂತೂ ಆ ಹಾಡು ನನಗೆ ಮೊದಲಿನಂತೆ ಕೇಳಿಸಿಲ್ಲ. ಭೂದೇವಿಯೇ ಬಯಸಿ ಇಲ್ಲಿಗೆ ಬಂದಳು, ಬೆರಗಿನ ಗಿರಿಯಾಗಿ ನಿಂತಳು ಅನ್ನುತ್ತಾರೆ ಪಂಜೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಮನೆ ಸಮೇತ ಕೆಳಗೆ ಬಂದದ್ದನ್ನು ಕಂಡವರು ‘ನಿಂತಳು’ ಅನ್ನುವಲ್ಲಿ ತಡವರಿಸದೆ ಹಾಡಲಿ ನೋಡೋಣ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ಈ ಅರ್ಥ ಅವರ ಕೈಯಲ್ಲಿ ಇರಲೇ ಇಲ್ಲ. ಆದರೂ ಇವತ್ತು ಅದು ಹಾಡಿನೊಳಗೇ ಇದೆ. ಅದನ್ನು ಒಳಗೆ ತಂದಿಟ್ಟವರು ಕೇಳಿದವರು.

ವಿರೋಧ: ತೋಚಿದ್ದೆಲ್ಲ ಅರ್ಥ ಅಲ್ಲ

ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. 2018 ಆದ ಮೇಲೆ ಹುತ್ತರಿ ಹಾಡು ಬೇರೆ ಥರ ಕೇಳಿಸುತ್ತದೆ, ನಿಜ. ಆದರೆ ಯಾಕೆ ಹಾಗೆ ಕೇಳಿಸುತ್ತದೆ? ಪಂಜೆಯವರು ಗಿರಿ ಅಂತ ಬರೆದಿದ್ದಾರೆ, ಅದು ನಿಂತಿದೆ ಅಂತ ಬರೆದಿದ್ದಾರೆ, ಅದಕ್ಕೆ. ಆ ಪದ ತೆಗೆದುಬಿಡಿ, ನಿಮ್ಮ ತಡವರಿಕೆಯೂ ಹೋಗುತ್ತದೆ. ಅಂದರೆ ಹೊಸ ಅರ್ಥ ಬಂದದ್ದು ಹಾಡನ್ನು ಗಮನ ಇಟ್ಟು ಕೇಳಿದ್ದರಿಂದ. ತೋಚಿದ್ದೇ ಅರ್ಥ ಅನ್ನುವ ವಾದಕ್ಕೂ ಇದಕ್ಕೂ ಸಂಬಂಧ ಇಲ್ಲ.

ತೋಟದ ಹುಡುಗನ ವಿಷಯ ಬೇರೆ. ಅವನಿಗೆ ಊರು ನೆನಪಾಯಿತು. ನೆನಪಾಗಲಿ, ಒಳ್ಳೆಯದೇ. ಹಾಡು ಕೇಳಿ ನಮಗೆ ಏನು ನೆನಪಾಯಿತು ಅನ್ನುವುದು ನಮ್ಮ ಸಂಗತಿ. ಹಾಡು ಏನು ಹೇಳುತ್ತಿದೆ ಅನ್ನುವುದು ಹಾಡಿನ ಸಂಗತಿ. ಇವೆರಡನ್ನೂ ಕಲಸಿಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಮದುವೆ ರಿಸೆಪ್ಷನ್‌ಗಳಲ್ಲಿ ನೋಡಬೇಕು.

ಗೋಣಿಕೊಪ್ಪದ ಕಡೆ ಒಂದು ರಿಸೆಪ್ಷನ್. ಆರ್ಕೆಸ್ಟ್ರಾದವರು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಎತ್ತಿಕೊಂಡರು. ಹಾಡುವವರು ಸ್ಟೇಜ್ ಮೇಲೆ ಕೂತ ಗಂಡು ಹೆಣ್ಣಿನ ಕಡೆ ಕೈ ತೋರಿಸಿ ಕಣ್ಣು ಹೊಡೆದರು. ಮದುಮಗಳು ನಾಚಿ ತಲೆ ತಗ್ಗಿಸಿದಳು. ಕೆಳಗೆ ಕೂತ ಹುಡುಗರು ಶಿಳ್ಳೆ ಹೊಡೆದರು. ಆ ಪದ್ಯ ಹುಟ್ಟಿದ್ದು ಮಗುವನ್ನು ಕಳೆದುಕೊಂಡ ದುಃಖದಲ್ಲಿ. ಹೆಂಡತಿ ಗಂಡನ ಮುಖ ನೋಡುತ್ತಿದ್ದಾಳೆ. ಅವನಿಗೆ ತಿರುಗಿ ನೋಡುವ ಧೈರ್ಯ ಇಲ್ಲ. ಇದನ್ನು ಹೇಳಿದರೆ, ನಮಗೆ ಪ್ರೀತಿ ಕಂಡಿತು, ಅದು ನಮ್ಮ ಅರ್ಥ ಅನ್ನುತ್ತೀರಿ. ಸರಿ, ಕವಿಯ ಕಥೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಪಲ್ಲವಿ ದಾಟಿ ಮುಂದೆ ಹೋಗಿ. ಲೆಕ್ಕವಿರದಷ್ಟು ದುಃಖ ಅನ್ನುವುದು ಅಲ್ಲೇ ಇದೆ. ಹುಣ್ಣಿಮೆ ಚಂದಿರನ ಹೆಣ ಹಗಲಲ್ಲಿ ಮುಗಿಲಿನಲ್ಲಿ ತೇಲಿ ಬರುವುದೂ ಅಲ್ಲೇ ಇದೆ. ಹೆಣ ಅಂತ ಬಾಯಿಬಿಟ್ಟು ಹೇಳಿದ ಮೇಲೂ ಶಿಳ್ಳೆ ಹೊಡೆದರೆ, ಅದನ್ನು ಬೇರೆ ಅರ್ಥ ಅನ್ನುವುದಕ್ಕಿಂತ ಕೇಳಿಯೇ ಇಲ್ಲ ಅನ್ನುವುದು ಸರಿ.

ಇನ್ನು ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’. ಜುಲೈ ತಿಂಗಳಲ್ಲಿ ಇದನ್ನು ಹಾಕಿ ನಗದ ಕೊಡಗಿನ ಮನೆ ಇಲ್ಲ. ಅಟ್ಟದ ಮೇಲೆ ಪಾತ್ರೆ, ಜಗಲಿಯಲ್ಲಿ ಬಕೆಟ್, ಹಿನ್ನೆಲೆಗೆ ಶರೀಫಜ್ಜ. ನಾನೂ ನಗುತ್ತೇನೆ. ಆದರೆ ನಮಗೆ ಕಾಣುವ ಸೂರೇ ಬೇರೆ, ಅವರ ಸೂರೇ ಬೇರೆ. ಶರೀಫರು (1819–1889) ಶಿಶುನಾಳದವರು, ಈಗಿನ ಹಾವೇರಿ ಜಿಲ್ಲೆ. ಆ ಸೀಮೆಯ ಹಳೆ ಮನೆಗಳಿಗೆ ತೊಲೆ, ಜಂತಿ ಇಟ್ಟು ಮೇಲೆ ಮಣ್ಣು ಹಾಕಿ ಗಟ್ಟಿ ಮಾಡಿದ ಸಮತಟ್ಟು ಮಾಳಿಗೆ. ಮಳೆಗೆ ಮೊದಲು ಮೇಲೆ ಹತ್ತಬೇಕು, ಬಿರುಕಿಗೆ ಮಣ್ಣು ಹಾಕಿ ತುಳಿದು ಸರಿ ಮಾಡಬೇಕು. ಮಾಡದಿದ್ದರೆ ಸೋರುತ್ತದೆ. ಅಂದರೆ ಸೋರುವುದಕ್ಕೆ ಕಾರಣ ಮಳೆ ಅಲ್ಲ, ಮನೆಯವನ ಅಸಡ್ಡೆ. ಕತ್ತಲೆಯಲ್ಲಿ ಮೇಲೆ ಹತ್ತಲಾರೆ ಅಂತ ಹಾಡಿನಲ್ಲಿ ಅಳುವುದು ಅದಕ್ಕೇ. ಅಜ್ಞಾನದಿಂದ ಅಂತ ಮೊದಲ ಸಾಲಿನಲ್ಲೇ ಹೇಳಿದ್ದೂ ಅದಕ್ಕೇ. ನಮ್ಮ ಹಂಚಿನ ಮಾಡು ಸೋರಿದರೆ ನಾವು ಬೈಯುವುದು ಮಳೆಗೆ, ಇಲ್ಲಾಂದರೆ ಮಂಗಗಳಿಗೆ. ಸುಮ್ನೆ ಮೇಲೆ ಹತ್ತಿ ತುಳಿದರೆ ಇನ್ನೆರಡು ಹಂಚು ಒಡೆಯುತ್ತವೆ ಅಷ್ಟೆ! ಆ ಸೀಮೆಯ ಸೂರು ತಿಳಿದ ಮೇಲೆ ಹಾಡು ನನಗೆ ದೊಡ್ಡದಾಯಿತು. ನನಗೆ ತೋಚಿದ್ದರಲ್ಲೇ ನಿಂತಿದ್ದರೆ ಬಕೆಟ್ ಇಡುವ ತಮಾಷೆಯಲ್ಲೇ ಮುಗಿದಿರುತ್ತಿತ್ತು.

ಮಕ್ಕಳು ಹುತ್ತರಿ ಹಾಡನ್ನು ತಮ್ಮದು ಮಾಡಿಕೊಂಡದ್ದು ಚೆಂದವೇ, ಅದಕ್ಕೆ ತಕರಾರಿಲ್ಲ. ಆದರೆ ಹುತ್ತರಿ ಅಂದರೆ ಹೊಸ ಭತ್ತದ ಹಬ್ಬ. ರಾತ್ರಿ ಗದ್ದೆಗೆ ಹೋಗಿ ಕದಿರು ಕೊಯ್ದು ‘ಪೊಲಿ ಪೊಲಿ ದೇವಾ’ ಅಂತ ಕೂಗುತ್ತಾ ಮನೆಗೆ ತರುವ ಹಬ್ಬ. ಎಷ್ಟೋ ಕಡೆ ಗದ್ದೆ ಪಾಳು ಬಿದ್ದಿದೆ, ಇಲ್ಲಾಂದರೆ ಶುಂಠಿ ಎದ್ದಿದೆ. ಹಾಡುವ ಮಗುವಿಗೆ ಕದಿರು ಅಂದರೇನು ಅಂತ ಯಾರಾದರೂ ತೋರಿಸದಿದ್ದರೆ, ಅದು ರಾಜ್ಯೋತ್ಸವದ ಸ್ಟೇಜಿಗೆ ಒಂದು ಒಳ್ಳೆಯ ಟ್ಯೂನ್ ಮಾತ್ರ.

ಕೊಡವರ ಬಾಳೋ ಪಾಟ್ ಕೇಳಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ನಾಲ್ಕು ಜನ ದುಡಿ ಅನ್ನುವ ಪುಟ್ಟ ವಾದ್ಯ ಹಿಡಿದು ಬಾರಿಸುತ್ತಾ ಹಾಡುತ್ತಾರೆ. ಮದುವೆ ಮನೆಯಲ್ಲಿ ಆ ಮನೆಯ ಮಾತು, ಸಾವಿನ ಮನೆಯಲ್ಲಿ ಹೋದವರ ಬದುಕಿನ ಮಾತು ಹಾಡಿನೊಳಗೆ ಬರುತ್ತದೆ. ಒಕ್ಕದ, ಅಂದರೆ ಮನೆತನದ ಹೆಸರು ತಪ್ಪಿದರೆ ಅಲ್ಲೇ ಕೂತ ಹಿರಿಯರು ಸುಮ್ಮನಿರುತ್ತಾರಾ? ಆ ಭಾಷೆ ಬಾರದ ನನ್ನಂಥವರಿಗೆ ಅದು ಬರೀ ಇಂಪಾದ ಲಯ. ಆ ಇಂಪನ್ನೇ ಹಾಡಿನ ಅರ್ಥ ಅಂತ ಹೇಳಿಕೊಂಡು ತಿರುಗಿದರೆ ಆ ಮನೆಯವರಿಗೆ ಮಾಡುವ ಅವಮಾನ ಅಲ್ವಾ?

ಈ ಹಾಡುಗಳನ್ನು ಊರೂರಿನಿಂದ ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಅಂತ ಅಚ್ಚು ಹಾಕಿಸಿದವರು ನಡಿಕೇರಿಯಂಡ ಚಿಣ್ಣಪ್ಪ. ಪೊಲೀಸ್ ಇಲಾಖೆಯ ಕೆಲಸದ ನಡುವೆ ಮಾಡಿದ ಕೆಲಸ. ಅವರು ಬರೀ ಹಾಡು ಬರೆದಿಟ್ಟು ಸುಮ್ಮನಾಗಲಿಲ್ಲ. ಮದುವೆ ಹೇಗೆ ನಡೆಯುತ್ತದೆ, ಸಾವಿಗೆ ಏನು ಮಾಡುತ್ತಾರೆ, ಹಬ್ಬದ ಪದ್ಧತಿ ಏನು, ಗಾದೆಗಳು ಯಾವುವು, ಎಲ್ಲ ಸೇರಿಸಿದರು. ಹಾಡು ಯಾವ ಹೊತ್ತಿನದು ಅಂತ ಗೊತ್ತಿಲ್ಲದವನ ಕೈಗೆ ಹಾಡು ಕೊಟ್ಟು ಪ್ರಯೋಜನ ಇಲ್ಲ ಅಂತ ಅವರಿಗೆ ತಿಳಿದಿತ್ತು ಅನಿಸುತ್ತದೆ. ಕೇಳಿದವರಿಗೆ ತೋಚಿದ್ದೇ ಸಾಕು ಅಂದುಕೊಂಡಿದ್ದರೆ ಪುಸ್ತಕ ತುಂಬಾ ತೆಳ್ಳಗಿರುತ್ತಿತ್ತು.