ನಮ್ಮಲ್ಲಿ ಬಾಗಿಲು ತೂಕಕ್ಕೆ ಹೋಗುತ್ತದೆ
ಇಸ್ತಾಂಬುಲ್‌ನ ಇಸ್ತಿಕ್ಲಾಲ್ ಬೀದಿಯ ಮಿಸಿರ್ ಅಪಾರ್ಟ್‌ಮೆಂಟ್ ಎಂಬ ಹಳೆ ಕಟ್ಟಡದ ಬಗ್ಗೆ ನಿಮ್ಮ ಲೇಖನ ಓದಿ ಖುಷಿಯಾಯಿತು. 1910ರ ಕಟ್ಟಡ, ಒಳಗೆ ಈಗ ಆರ್ಟ್ ಗ್ಯಾಲರಿಗಳು! ಟರ್ಕಿಯ ರಾಷ್ಟ್ರಗೀತೆ ಬರೆದ ಮೆಹ್ಮೆತ್ ಆಕಿಫ್ 1936ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅದನ್ನೂ ಒಂದು ಸಾಲು ಬರೆಯಬಹುದಿತ್ತು.

ನಮ್ಮ ಕೊಪ್ಪಳದ ಕಡೆ ಉಲ್ಟಾ. ಅಜ್ಜಿ ಮನೆ ಕೆಡವಿದಾಗ ಕೆತ್ತನೆಯ ತಲೆಬಾಗಿಲನ್ನು ಕೊಂಡವರು ತೂಕ ಹಾಕಿ ದುಡ್ಡು ಕೊಟ್ಟರು, ಸೌದೆ ಥರ. ನಾವೂ ಸುಮ್ನೆ ಎಣಿಸಿಕೊಂಡೆವು, ಬಿಡಿ.

ಪಕ್ಕದಲ್ಲೇ ಕಿನ್ನಾಳ ಇದೆ. ಹಗುರ ಮರಕ್ಕೆ ಹುಣಸೆ ಬೀಜದ ಅಂಟು ಹಾಕಿ ಗೊಂಬೆ ಮಾಡುವ ಊರು, ಜಿಐ ಟ್ಯಾಗೂ (ಇದು ಈ ಊರಿನದೇ ಕಲೆ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ. ಕೊಪ್ಪಳ ಕೋಟೆ ಕೆಳಗೆ ಒಂದು ಹಳೆ ಮನೆ ಉಳಿಸಿ ಆ ಗೊಂಬೆ ಇಟ್ಟರೆ ಹಂಪಿಗೆ ಹೋಗುವವರು ಇಳಿದು ನೋಡುತ್ತಾರೆ ಅಲ್ವಾ? ಆ ಮನೆ ಬಾಡಿಗೆ ಮಾತ್ರ ಜಾಸ್ತಿ ಇರಬಾರದು.