ಒಂದೇ ಊರು, ಒಂದೇ ಕಡಲು, ರಜೆಗೆ ಅಷ್ಟು ಸಾಕು

ಕರಾವಳಿ ಪ್ರವಾಸ ಅಂದ ತಕ್ಷಣ ನಮ್ಮ ಕಡೆಯವರು ಮೊದಲು ಪಟ್ಟಿ ಬರೆಯುತ್ತಾರೆ. ಧರ್ಮಸ್ಥಳ, ಕುಕ್ಕೆ, ಕಟೀಲು, ಉಡುಪಿ, ಮಲ್ಪೆ, ಕೊಲ್ಲೂರು, ಮುರುಡೇಶ್ವರ. ಎಲ್ಲವೂ ಎರಡೇ ದಿನದಲ್ಲಿ ಮುಗಿಯಬೇಕು. ಟಿಟಿ ತುಂಬಾ ಜನ, ಶಿರಾಡಿ ಇಳಿಯುವಷ್ಟರಲ್ಲಿ ಅರ್ಧ ಜನಕ್ಕೆ ವಾಂತಿ. ಸಮುದ್ರದ ಪಾಲಿಗೆ ಉಳಿಯುವುದು ಇಪ್ಪತ್ತು ನಿಮಿಷ. ಪ್ಯಾಂಟು ಮಡಚು, ಕಾಲು ನೆನೆಸು, ಫೋಟೊ ತೆಗಿ, ಚುರುಮುರಿ ತಿನ್ನು, ಹತ್ತು ಗಾಡಿ. ದೇವಸ್ಥಾನಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಇದನ್ನು ರಜೆ ಅಂತ ಕರೆಯುತ್ತೀವಲ್ಲ, ಅದಕ್ಕೆ ತಕರಾರು.

ಈ ಸಲ ಮೂರು ಮನೆಯವರು ಸೇರಿ ಮಂಗಳೂರಿನ ಹತ್ತಿರದ ಮೂಲ್ಕಿಗೆ ಹೋದೆವು, ಸರ್ಫಿಂಗ್ ಕಲಿಯೋಕೆ, ಅಂದರೆ ಉದ್ದನೆಯ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡೋಕೆ. ನಾನು, ನಮ್ಮನೆಯವರು, ಮಗಳು, ಅತ್ತೆ, ಮತ್ತೆ ಕಾಲೇಜಿನ ಕಾಲದಿಂದ ಬಿಡದೇ ಅಂಟಿಕೊಂಡಿರುವ ಇಬ್ಬರು ಗೆಳತಿಯರ ಸಂಸಾರ. "ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಅಂತ ಕೇಳದವರೇ ಇಲ್ಲ. ಬೇಕು ಅಂತ ಈಗ ಇನ್ನೂ ಗಟ್ಟಿಯಾಗಿ ಹೇಳ್ತೀನಿ. ಕುಟುಂಬದ ಜೊತೆ ಹೋಗುವ ರಜೆಗೆ ಸರ್ಫಿಂಗ್‌ನಷ್ಟು ಒಳ್ಳೆಯ ನೆಪ ಇನ್ನೊಂದಿಲ್ಲ. ಯಾಕಂದ್ರೆ ಅದು ನಿಮ್ಮನ್ನು ಬೇರೆಲ್ಲೂ ಹೋಗೋಕೆ ಬಿಡುವುದಿಲ್ಲ.

ಅಲ್ಲಿ ಟೈಮ್‌ಟೇಬಲ್ ಹಾಕುವುದು ಸಮುದ್ರ, ನಾವಲ್ಲ. ಬೆಳಗಿನ ಹೊತ್ತು ಗಾಳಿ ನೆಲದ ಕಡೆಯಿಂದ ಕಡಲಿನ ಕಡೆಗೆ ಬೀಸುತ್ತದೆ. ಆಗ ನೀರಿನ ಮೈ ನುಣುಪಾಗಿರುತ್ತದೆ, ಅಲೆ ಚೆಂದವಾಗಿ ಸಾಲು ಕಟ್ಟಿ ಬರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗುತ್ತದೆ. ಆಮೇಲೆ ಅಲೆಗಳೆಲ್ಲ ಚೆಲ್ಲಾಪಿಲ್ಲಿ. ಹಾಗಾಗಿ ಆರೂವರೆಗೆ ನೀರಲ್ಲಿದ್ದರೆ ಒಂಬತ್ತಕ್ಕೆ ದಿನದ ಕೆಲಸ ಮುಗಿಯಿತು. ಉಳಿದ ಇಡೀ ದಿನ ಖಾಲಿ. ಎಲ್ಲಿಗಾದರೂ ಹೋಗೋಣ ಅನ್ನೋಕೆ ಯಾರ ಮೈಯಲ್ಲೂ ಶಕ್ತಿ ಉಳಿದಿರುವುದಿಲ್ಲ. ತೋಳು ಎತ್ತಿ ತಲೆ ಬಾಚುವುದೇ ಕಷ್ಟ, ಇನ್ನು ಕೊಲ್ಲೂರಿಗೆ ಯಾರು ಹೊರಡ್ತಾರೆ?

ಮೂಲ್ಕಿಗೂ ಸರ್ಫಿಂಗಿಗೂ ನಂಟು ಬೆಳೆದ ಕಥೆ ಸ್ವಾರಸ್ಯದ್ದು. ಜಾಕ್ ಹೆಬ್ನರ್ ಅಂತ ಒಬ್ಬ ಅಮೆರಿಕನ್ ಇದ್ದರು. ಹುಡುಗನಾಗಿದ್ದಾಗ ಫ್ಲಾರಿಡಾದಲ್ಲಿ ಅಲೆ ಸವಾರಿ ಮಾಡಿದವರು, ಆಮೇಲೆ ಕೃಷ್ಣಭಕ್ತಿಯ ದಾರಿ ಹಿಡಿದು ಸನ್ಯಾಸಿಯಾದವರು. ಅವರು ಮೂಲ್ಕಿಯಲ್ಲಿ ಆಶ್ರಮ ಮಾಡಿಕೊಂಡು 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. 'ಸರ್ಫಿಂಗ್ ಸ್ವಾಮಿ' ಅನ್ನುವ ಹೆಸರು ಹಾಗೇ ಬಂತು. 2016ರ ಮೇ ಕೊನೆಯಲ್ಲಿ, ಮುಂಗಾರಿಗೆ ಮುಂಚಿನ ದೊಡ್ಡ ಅಲೆಗಳಿರುವಾಗ, ಪಕ್ಕದ ಸಸಿಹಿತ್ಲಿನಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ಪಂದ್ಯ ನಡೆಯಿತು. ಶಾಂಭವಿ, ನಂದಿನಿ ಎರಡೂ ನದಿಗಳು ಕೂಡಿ ಕಡಲು ಸೇರುವ ಜಾಗ ಅದು.

ನಮಗೆ ಕಲಿಸಿದ್ದು ಒಬ್ಬ ಮೊಗವೀರ ಹುಡುಗ. ಮನೆಯಲ್ಲಿ ತುಳು, ನಮ್ಮ ಜೊತೆ ಕನ್ನಡ, ಗೋವಾದಿಂದ ಬಂದಿದ್ದವರ ಜೊತೆ ಇಂಗ್ಲಿಷ್. ಮೊದಲ ಪಾಠ ನೀರಲ್ಲಲ್ಲ, ಮರಳಲ್ಲಿ. ಬೆರಳಿನಿಂದ ಮರಳ ಮೇಲೆ ಬೋರ್ಡಿನ ಆಕಾರ ಗೀಚಿ, ನಡುವೆ ಒಂದು ಗೆರೆ ಎಳೆದ. ಅದರ ಮೇಲೆ ಬೋರಲು ಮಲಗಬೇಕು. ಕೈಯಿಂದ ಮರಳು ತೋಡುತ್ತಾ ಈಜುವ ಅಭ್ಯಾಸ. ಆಮೇಲೆ ಎದೆಯ ಪಕ್ಕ ಅಂಗೈ ಊರಿ, ಒಂದೇ ಏಟಿಗೆ ಎದ್ದು ಅಡ್ಡಕ್ಕೆ ನಿಲ್ಲಬೇಕು. ಎರಡೂ ಪಾದ ಆ ಗೆರೆಯ ಮೇಲೇ ಬೀಳಬೇಕು. ಹಿಂದಿನ ಕಾಲಿಗೆ ಬೋರ್ಡಿನ ಹಗ್ಗ, ಅವರು ಲೀಶ್ ಅಂತಾರೆ. ಹಿಂದಿನ ಕಾಲು ಯಾವುದು ಅಂತ ಗೊತ್ತಾಗಲಿ ಅಂತ ಎಲ್ಲರನ್ನೂ ಬೆನ್ನಿನಿಂದ ಮೆತ್ತಗೆ ತಳ್ಳಿ ನೋಡಿದ. ಮುಗ್ಗರಿಸುವಾಗ ಯಾವ ಕಾಲು ತಾನಾಗಿ ಮುಂದೆ ಬಂತೋ ಅದು ಮುಂದಿನ ಕಾಲು. ನನ್ನ ಗೆಳತಿಯ ಗಂಡ ತಳ್ಳಿಸಿಕೊಂಡೂ ಅಲುಗಲಿಲ್ಲ. ದಿನಾ ಜಿಮ್‌ಗೆ ಹೋಗುವ ಆಸಾಮಿ. ನೀರಿಗಿಳಿದ ಮೇಲೆ ಅವರೇ ಎಲ್ಲರಿಗಿಂತ ಜಾಸ್ತಿ ಬಿದ್ದರು.

ಹೊಸಬರಿಗೆ ಕೊಡುವುದು ಮೆತ್ತನೆಯ ಫೋಮ್ ಬೋರ್ಡು, ಎಂಟೊಂಬತ್ತು ಅಡಿ ಉದ್ದದ್ದು. ನಿಲ್ಲುವುದು ಸೊಂಟದ ಮಟ್ಟದ ನೀರಲ್ಲಿ. ಟೀವಿಯಲ್ಲಿ ತೋರಿಸುವ ಗೋಡೆಯಂಥ ಅಲೆ ಇಲ್ಲಿಲ್ಲ. ಅಲೆ ಒಡೆದ ಮೇಲೆ ದಡದ ಕಡೆ ಉರುಳಿಕೊಂಡು ಬರುತ್ತದಲ್ಲ ಬಿಳಿ ನೊರೆ, ಅದರ ಮೇಲೇ ನಮ್ಮ ಸವಾರಿ. ಎದ್ದು ನಿಲ್ಲುವಾಗ ಎಲ್ಲರೂ ಮಾಡುವುದು ಒಂದೇ, ಬಗ್ಗಿ ತಮ್ಮ ಕಾಲು ನೋಡಿಕೊಳ್ಳುವುದು. ನೋಡಿದವರು ಬಿದ್ದರು. "ಕಾಲು ಎಲ್ಲಿಗೂ ಹೋಗುದಿಲ್ಲ ಅಕ್ಕ, ಎದುರು ಆ ತೆಂಗಿನಮರ ನೋಡಿ" ಅಂತ ಅವನು ಕೂಗ್ತಾ ಇದ್ದ. ಮರ ನೋಡಿದೆ, ನಿಂತೆ. ಎಷ್ಟು ಹೊತ್ತು ಅಂತ ಕೇಳಬೇಡಿ. ಬೋರ್ಡಿನ ತಳಕ್ಕೆ ಮರಳು ತಾಗುವವರೆಗೆ ನಿಂತಿದ್ದೆ, ಅಷ್ಟು ಸಾಕು.

ಈ ಅಲೆ ಹುಟ್ಟುವುದೆಲ್ಲಿ ಅಂತ ಮಗಳು ಕೇಳಿದಳು. ಗಾಳಿಯೇ ಇಲ್ಲದ ದಿನವೂ ಅಲೆ ಬರ್ತಾ ಇತ್ತಲ್ಲ, ಅದಕ್ಕೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎದ್ದು ನೀರು ಕಲಕಿದರೆ, ಆ ಏರಿಳಿತ ಸಾವಿರಾರು ಕಿಲೋಮೀಟರ್ ಸಾಗಿ ಕೆಲವು ದಿನ ಬಿಟ್ಟು ನಮ್ಮ ದಡಕ್ಕೆ ಬಡಿಯುತ್ತದೆ. ಬರುವುದು ನೀರಲ್ಲ, ಅಲುಗಾಟ ಮಾತ್ರ. ದಡದ ಹತ್ತಿರ ಆಳ ಕಡಿಮೆಯಾಗಿ ತಳ ತಡೆದಾಗ ಅದು ಮೇಲೆದ್ದು ಮಗುಚಿ ಬೀಳುತ್ತದೆ. ಇದು ತಿಳಿದ ಮೇಲೆ ಅವಳು ಬೋರ್ಡ್ ಬಿಟ್ಟು ಅರ್ಧ ಗಂಟೆ ಸುಮ್ನೆ ಅಲೆ ಎಣಿಸುತ್ತಾ ಕೂತಳು. ಮೊಬೈಲಿಲ್ಲದೆ ಅರ್ಧ ಗಂಟೆ ಅಂದರೆ ಹದಿಹರೆಯದವರ ಅಪ್ಪಅಮ್ಮಂದಿರಿಗೆ ಅರ್ಥವಾಗುತ್ತದೆ.

ಅತ್ತೆ ನೀರಿಗೆ ಇಳಿಯಲಿಲ್ಲ. ಹಾಸನದ ಕಡೆಯವರು, ಕೆರೆ ಕಂಡವರು, ಕಡಲನ್ನು ನಂಬುವುದಿಲ್ಲ. ಉಳಿದುಕೊಂಡಿದ್ದ ಮನೆಯ ಯಜಮಾನಿ ಜೊತೆ ಜಗಲಿಯಲ್ಲಿ ಕೂತು ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆದರು, ಹಲಸಿನ ಹಪ್ಪಳದ ಲೆಕ್ಕ ಕೇಳಿದರು, ಸಂಜೆ ಅವರ ಜೊತೆ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನಕ್ಕೂ ಹೋಗಿ ಅಲ್ಲಿನ ದೊಡ್ಡ ಡೋಲು ನೋಡಿ ಬಂದರು. ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿ ಆ ದೇವಸ್ಥಾನ ಕಟ್ಟಿಸಿದ ಅಂತ ಊರಿನ ಐತಿಹ್ಯ. ಒಂದೇ ದೇವಸ್ಥಾನ, ನಿಧಾನವಾಗಿ. ಏಳು ದೇವಸ್ಥಾನ ಓಡಿಕೊಂಡು ನೋಡಿದ ದಿನ ಅತ್ತೆ ಇಷ್ಟು ಖುಷಿಯಾಗಿದ್ದನ್ನು ನಾನು ಕಂಡಿಲ್ಲ.

ಮಧ್ಯಾಹ್ನದ ಊಟದ್ದೇ ಒಂದು ತಮಾಷೆ. ನೀರ್ ದೋಸೆ, ಬಂಗುಡೆ ಪುಳಿಮುಂಚಿ, ಕಾಣೆ ರವಾ ಫ್ರೈ, ಸಸ್ಯಾಹಾರಿಗಳಿಗೆ ಪತ್ರೊಡೆ, ಎಲ್ಲರಿಗೂ ಪುನರ್ಪುಳಿ ಶರಬತ್ತು. ನಮ್ಮನೆಯವರು ಬಡಿಸೋಕೆ ಅಂತ ಬಗ್ಗಿದರು ನೋಡಿ, ಮೂಗಿನಿಂದ ಜಳಜಳ ಉಪ್ಪುನೀರು. ಬೆಳಿಗ್ಗೆ ಒಳಗೆ ಹೋಗಿ ಅವಿತಿದ್ದ ಅರಬ್ಬಿ ಸಮುದ್ರ ಅನ್ನದ ಹೊತ್ತಿಗೆ ಹೊರಬಂತು. ಸರ್ಫ್ ಮಾಡುವವರಿಗೆಲ್ಲ ಇದು ಮಾಮೂಲು ಅಂತೆ. ಪುಣ್ಯಕ್ಕೆ ಸಾರಿನ ಪಾತ್ರೆಗೆ ಬೀಳಲಿಲ್ಲ.

ಸುರಕ್ಷತೆಯ ಮಾತು ಆಡಲೇಬೇಕು. 300 ಕಿಲೋಮೀಟರಿಗೂ ಜಾಸ್ತಿ ಕರಾವಳಿ ಇಟ್ಟುಕೊಂಡಿರುವ ನಾವು ಮಕ್ಕಳಿಗೆ ಹೇಳಿಕೊಡುವುದು "ಮುಂದೆ ಹೋಗಬೇಡ" ಅನ್ನುವುದೊಂದೇ. ಯಾಕೆ, ಎಲ್ಲಿಗೆ ಹೋಗಬಾರದು ಅಂತ ಹೇಳೋಕೆ ನಮಗೇ ಗೊತ್ತಿಲ್ಲ. ಅಲೆ ಒಡೆಯದೆ ಸಮಾಧಾನವಾಗಿ ಕಾಣುವ ಜಾಗ ನೋಡಿ, ಇಲ್ಲಿ ಪರವಾಗಿಲ್ಲ ಅಂತ ಮಕ್ಕಳನ್ನು ಇಳಿಸುವ ಅಪ್ಪಂದಿರನ್ನು ಎಷ್ಟು ಸಲ ನೋಡಿಲ್ಲ! ಎರಡು ಬದಿ ನೊರೆ, ನಡುವೆ ಮಾತ್ರ ಶಾಂತ ಅಂದರೆ ಬಹಳ ಸಲ ಅಲ್ಲೇ ಸೆಳೆತ ಇರುತ್ತದೆ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಿ ಸುಸ್ತಾಗಬಾರದು, ಪಕ್ಕಕ್ಕೆ, ದಡಕ್ಕೆ ಸಮಾನಾಂತರವಾಗಿ ಹೋಗಿ ಹೊರಬೀಳಬೇಕು. ಮೊದಲ ದಿನದ ಪಾಠದಲ್ಲೇ ಇದನ್ನು ದಡದಲ್ಲಿ ನಿಲ್ಲಿಸಿ, ಬೆರಳು ಮಾಡಿ ತೋರಿಸಿದ್ದ ಹುಡುಗ. ಬೋರ್ಡ್ ಮೇಲೆ ನಿಲ್ಲೋಕೆ ಬರದಿದ್ದರೂ ಪರವಾಗಿಲ್ಲ, ಇಷ್ಟು ಕಲಿತು ಬಂದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ಒಂದು ಸಂಜೆ ಪಕ್ಕದ ರೆಸಾರ್ಟಿನಲ್ಲಿ ಡಿಜೆ ಹಾಕಿ ಕಿಟಕಿ ಗಾಜು ನಡುಗಿಸಿದರು. ಕಡಲ ಸದ್ದು ಕೇಳೋಕೆ ಬಂದು ಅದನ್ನೇ ಮುಚ್ಚುವ ಈ ಚಟ ಯಾಕೋ ನನಗಂತೂ ಅರ್ಥವಾಗಿಲ್ಲ. ಇನ್ನೊಂದು, ಕಡಲ್ಕೊರೆತ. ಕೊರೆತ ತಡೆಯೋಕೆ ಬಂಡೆ ಸುರಿದ ಕಡೆ ಮರಳ ದಂಡೆ ಉಳಿಯುವುದೇ ಕಷ್ಟ. ದಂಡೆ ಇಲ್ಲದಿದ್ದರೆ ಸರ್ಫಿಂಗೂ ಇಲ್ಲ, ದಡದಿಂದ ಬಲೆ ಎಳೆಯುವ ಕೈರಂಪಣಿಯೂ ಇಲ್ಲ. ಹಾಗಂತ ಅಂಗಳದವರೆಗೆ ನೀರು ಬಂದ ಮನೆಯವರ ಮುಂದೆ ನಿಂತು ಬಂಡೆ ಬೇಡ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

ಹೋಗುವವರು ಮಳೆಗಾಲ ಬಿಟ್ಟು ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ, ಆಗ ನಮ್ಮಂಥ ಹೊಸಬರಿಗೆ ಅಲ್ಲೇನು ಕೆಲಸ? ದಸರಾ ಗಲಾಟೆ ಮುಗಿದ ಮೇಲೆ ಹೋದರೆ ಕಡಲೂ ಮೆತ್ತಗಿರುತ್ತದೆ. ತುಂಬು ತೋಳಿನ, ಮೈಗಂಟುವ ಟೀಶರ್ಟ್ ಹಾಕಿ, ಇಲ್ಲದಿದ್ದರೆ ಹೊಟ್ಟೆ, ಮೊಣಕೈ ಬೋರ್ಡಿಗೆ ಉಜ್ಜಿ ಕೆಂಪಾಗುತ್ತದೆ. ಈಜು ಬರದಿದ್ದರೆ ನಾಚಿಕೆಪಡದೆ ಮೊದಲೇ ಹೇಳಿ. ಮತ್ತೆ, ನೀರಿಗೆ ಇಳಿಯಲ್ಲ ಅನ್ನುವವರನ್ನು ಬಲವಂತ ಮಾಡಬೇಡಿ. ಅಂಥವರು ಒಬ್ಬರಾದರೂ ಜೊತೆಗಿರಬೇಕು. ಕನ್ನಡಕ, ಮಾಂಗಲ್ಯ, ಕಾರಿನ ಕೀ ಎಲ್ಲ ಮತ್ತ್ಯಾರ ಕೈಗೆ ಕೊಟ್ಟು ಇಳಿಯುತ್ತೀರಿ?